ಮರಿಮೀನಿನ ಮೊದಲ ತುತ್ತು

ಹುಬ್ಬಳ್ಳಿಯ ದುರ್ಗದಬೈಲ್ ಎಂದರೆ ಕೋಟೆಯ ಬಯಲು. ಸವಣೂರು ನವಾಬ ಮಜೀದ್ ಖಾನನ ಕಾಲದಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟಿ ಎಂಬ ವ್ಯಾಪಾರಿ ಈ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದ. ಕೋಟೆ ಹೋಯಿತು, ಪೇಟೆ ಉಳಿಯಿತು. ಸಂಜೆಯಾದರೆ ಗಿರಮಿಟ್ಟು, ಮಿರ್ಚಿಗೆಂದು ಜನ ನೆರೆಯುವ ಈ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಗೋಧಿ ಹಿಟ್ಟು, ಯೀಸ್ಟ್, ಹರಳುಪ್ಪು, ತೆಳು ಮಲ್ಲು ಬಟ್ಟೆ ಎಲ್ಲವೂ ಕೈಚೀಲಕ್ಕೆ ಬೀಳುತ್ತವೆ. ಅಡಿಗೆಮನೆಗೆಂದು ಕೊಳ್ಳುವ ಇದೇ ಸಾಮಾನಿನಿಂದ ಗಾಜಿನ ತೊಟ್ಟಿಯ ಮೀನುಗಳಿಗೆ ಜೀವಂತ ಆಹಾರವನ್ನು ಮನೆಯಲ್ಲೇ ಬೆಳೆಸಬಹುದು ಎಂಬುದು ಹಲವರಿಗೆ ಸೋಜಿಗವೆನಿಸೀತು. ಆದರೆ ಈ ತಿಳಿವಳಿಕೆಯ ಹಿಂದೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಜೀವಂತ ಆಹಾರವೇ ಏಕೆ ಬೇಕು? ಗಪ್ಪಿ, ಮೋಲಿಯಂಥ ಮೀನುಗಳು ನೇರವಾಗಿ ಮರಿ ಹಾಕುತ್ತವೆ. ಆ ಮರಿಗಳು ಹುಟ್ಟಿದ ದಿನವೇ ನುಣ್ಣಗೆ ಪುಡಿ ಮಾಡಿದ ಒಣ ಆಹಾರವನ್ನು ತಿನ್ನಬಲ್ಲವು. ಮೊಟ್ಟೆಯಿಡುವ ಗೌರಾಮಿ, ಫೈಟರ್ ಮೀನುಗಳ ಕಥೆ ಬೇರೆ. ಅವುಗಳ ಮರಿ ಎರಡು ಮೂರು ಮಿಲಿಮೀಟರ್ ಉದ್ದವಿದ್ದರೆ ಹೆಚ್ಚು. ಹೊಟ್ಟೆಗೆ ಅಂಟಿಕೊಂಡ ಹಳದಿಚೀಲ ಕರಗುವವರೆಗೆ ಅದಕ್ಕೆ ಚಿಂತೆಯಿಲ್ಲ. ಅದು ಮುಗಿದ ಮೇಲೆ ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ಕಣ್ಣೆದುರು ಅಲುಗಾಡುವ ಆಹಾರ ಸಿಗದಿದ್ದರೆ ಮರಿ ಸಾಯುತ್ತದೆ. ಒಣ ಪುಡಿ ತಳ ಸೇರಿ ಕೊಳೆತು ನೀರನ್ನೂ ಕೆಡಿಸುತ್ತದೆ. ಮೀನು ಸಾಕುವುದು ಸುಲಭ, ಮರಿ ಉಳಿಸುವುದು ಕಷ್ಟ ಎನ್ನುವುದು ಇದಕ್ಕೇ.

ಮೀನಿನ ಊಟದ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಮೀನುಗಳ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ದೊರೆಯ ಆಸಕ್ತಿ ಗಾಳಕ್ಕೆ ಬೀಳುವ ದೊಡ್ಡ ಮೀನಿನಲ್ಲಿ. ಮರಿಯ ಆಹಾರ ಬರಿಗಣ್ಣಿಗೆ ಕಾಣುವಂಥದಲ್ಲ. ಅದಕ್ಕೆ ಸೂಕ್ಷ್ಮದರ್ಶಕವೇ ಬರಬೇಕಾಯಿತು.

ಸೂಕ್ಷ್ಮದರ್ಶಕ ಬಂದದ್ದು ಯುರೋಪಿನಲ್ಲಿ, ಹದಿನೇಳನೆಯ ಶತಮಾನದಲ್ಲಿ. ಫ್ರಾನ್ಸಿನ ಪಿಯರ್ ಬೊರೆಲ್ 1656ರಲ್ಲಿ ವಿನೆಗರಿನೊಳಗೆ ಹೊರಳಾಡುವ ದಾರದಂಥ ಹುಳುಗಳನ್ನು ಕಂಡ. ಹಾಲೆಂಡಿನ ಸ್ವಾಮರ್‌ಡಾಮ್ 1669ರಲ್ಲಿ ಕೊಳದ ನೀರಿನಲ್ಲಿ ಕುಪ್ಪಳಿಸುವ ‘ನೀರುಚಿಗಟ’ವನ್ನು, ಅಂದರೆ ಇಂದಿನ ಡ್ಯಾಫ್ನಿಯಾವನ್ನು, ವರ್ಣಿಸಿದ. ಅದೇ ದೇಶದ ಲೇವನ್‌ಹುಕ್, ಕರಿಮೆಣಸು ಏಕೆ ಖಾರವೆಂದು ತಿಳಿಯಲು 1676ರಲ್ಲಿ ಅದನ್ನು ನೀರಿನಲ್ಲಿ ನೆನೆಹಾಕಿದ. ಖಾರದ ಗುಟ್ಟು ಸಿಗಲಿಲ್ಲ, ಆ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಸಿಕ್ಕವು. ಹೀಗೆ ನೆನೆಹಾಕಿದ ನೀರಿನಲ್ಲಿ ಹುಟ್ಟುವುದರಿಂದಲೇ ಅವಕ್ಕೆ ಮುಂದೆ ‘ಇನ್ಫ್ಯುಸೋರಿಯಾ’ ಎಂಬ ಹೆಸರು ಬಂತು. ಈ ಮೂವರಲ್ಲಿ ಯಾರೂ ಮೀನಿನ ಹೊಟ್ಟೆಯ ಬಗ್ಗೆ ಯೋಚಿಸಿದವರಲ್ಲ. ಆದರೂ ಮರಿಮೀನಿನ ಇಂದಿನ ಊಟದ ಪಟ್ಟಿ ಬಹುಪಾಲು ಇವರು ಕಂಡದ್ದೇ.

ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಗಾಜಿನ ತೊಟ್ಟಿಯ ಗೀಳು ಮನೆಮನೆಗೆ ಹಬ್ಬಿತು. ನಮ್ಮ ಭಾಗಕ್ಕೆ ಅದರ ಪರಿಚಯವಾದದ್ದು ತಡವಾಗಿ. ಮುಂಬಯಿಯಲ್ಲಿ ತಾರಾಪೊರೆವಾಲಾ ಅಕ್ವೇರಿಯಂ 1951ರಲ್ಲಿ ಆರಂಭವಾದಾಗ ಹುಬ್ಬಳ್ಳಿಯೂ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರಕಾರಿ ಮತ್ಸ್ಯಾಲಯ ಬಂದದ್ದು 1983ರಲ್ಲಿ.

ಎಲ್ಲ ಕಡೆಯೂ ಮೀನು ಸಾಕುವವರ ಮೊದಲ ದಾರಿ ಒಂದೇ: ಕೆರೆ, ಹೊಂಡ, ಚರಂಡಿಗಳಿಂದ ಹುಳು ಹಿಡಿದು ತರುವುದು. ಚರಂಡಿಯ ಕೆಸರಿನಲ್ಲಿ ಕೆಂಪಗೆ ಗೊಂಚಲುಗಟ್ಟುವ ಟ್ಯುಬಿಫೆಕ್ಸ್ ಹುಳು ಅಗ್ಗದ ಆಹಾರ. ಆದರೆ ಟ್ರೌಟ್ ಮೀನುಗಳನ್ನು ಗಿರಕಿ ಹೊಡೆಸಿ ಕೊಲ್ಲುವ ರೋಗದ ಪರೋಪಜೀವಿ ಇದೇ ಹುಳುವಿನೊಳಗೆ ಬೆಳೆಯುತ್ತದೆಂದು 1984ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹಿಡಿದು ತಂದ ಆಹಾರದ ಜೊತೆ ರೋಗವೂ ಬರಬಹುದೆಂಬ ಅನುಮಾನ ಹೀಗೆ ಖಾತ್ರಿಯಾಯಿತು.

ಇನ್ನೊಂದು ದಾರಿಯನ್ನು ತೋರಿಸಿದ್ದು ಉಪ್ಪುನೀರಿನ ಪುಟ್ಟ ಸಿಗಡಿ, ಆರ್ಟೀಮಿಯಾ. ಇದರ ಮೊಟ್ಟೆ ಒಣಗಿದರೂ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಉಪ್ಪುನೀರಿಗೆ ಹಾಕಿ ಗಾಳಿ ಊದಿದರೆ ಬೆಚ್ಚನೆಯ ವಾತಾವರಣದಲ್ಲಿ ಒಂದೇ ದಿನದಲ್ಲಿ ಒಡೆಯುತ್ತದೆ. ಹೊರಬರುವ ಮರಿಯ ಗಾತ್ರ ಸುಮಾರು 0.4 ಮಿಲಿಮೀಟರ್. ಮೀನಿನ ಮರಿಗೆ ಇದು ಒಳ್ಳೆಯ ಆಹಾರವೆಂದು ಅಮೆರಿಕದ ಸೀಲ್ 1933ರಲ್ಲಿ, ನಾರ್ವೆಯ ರೋಲೆಫ್ಸನ್ 1939ರಲ್ಲಿ ತಿಳಿಸಿದರು. ಡಬ್ಬಿಯಲ್ಲಿಟ್ಟು ಬೇಕಾದಾಗ ಬೇಕಾದಷ್ಟನ್ನೇ ಮರಿ ಮಾಡಿಸಬಹುದಾದ ಆಹಾರ ಅದಕ್ಕೆ ಮುಂಚೆ ಇರಲಿಲ್ಲ.

ಮನೆಯಲ್ಲಿ ಬೆಳೆಸುವ ಉಳಿದ ಜೀವಿಗಳಿಗೆ ಇಷ್ಟೂ ಖರ್ಚಿಲ್ಲ. ಒಣಹುಲ್ಲನ್ನೋ ಎಲೆಕೋಸಿನ ಎಲೆಯನ್ನೋ ಕುದಿಸಿ ಆರಿಸಿ, ಆ ನೀರಿಗೆ ತೊಟ್ಟಿಯ ಹಳೆ ನೀರನ್ನು ಸ್ವಲ್ಪ ಬೆರೆಸಿಟ್ಟರೆ ಕೆಲವೇ ದಿನಗಳಲ್ಲಿ ಇನ್ಫ್ಯುಸೋರಿಯಾ ಸಿದ್ಧ. ಗಟ್ಟಿ ಗೋಧಿ ಗಂಜಿಯ ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ ಒಂದು ಚಮಚ ಹಳೆಯ ಕೃಷಿಯನ್ನು ಹಾಕಿದರೆ ಮೈಕ್ರೋವರ್ಮ್ ಎಂಬ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ; ಬೆರಳಿನಿಂದ ಸವರಿ ತೆಗೆದರಾಯಿತು. ಡ್ಯಾಫ್ನಿಯಾದ ಹತ್ತಿರದ ನಂಟಿನ ಮೊಯಿನಾ ನಮ್ಮ ಬಿಸಿಲನ್ನೂ ತಾಳುತ್ತದೆ. ಪಾಚಿಗಟ್ಟಿದ ಹಸಿರು ನೀರು, ಇಲ್ಲವೇ ನೀರಿನಲ್ಲಿ ಕದಡಿದ ತುಸು ಯೀಸ್ಟ್ ಇದ್ದರೆ ಸಾಕು. ಒಳ್ಳೆಯ ಕಾಲದಲ್ಲಿ ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತವೆ. ನೀರು ಬತ್ತುವ ಸೂಚನೆ ಬಂದರೆ ಗಟ್ಟಿ ಕವಚದ ಮೊಟ್ಟೆಯಿಟ್ಟು ಕೆಸರಿನಲ್ಲಿ ಕಾಯುತ್ತವೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಹೊಂಡ ಮುಂಗಾರಿನಲ್ಲಿ ಮತ್ತೆ ಜೀವತುಂಬಿ ಮಿಡಿಯುವುದು ಹೀಗೆಯೇ.

ಹುಬ್ಬಳ್ಳಿಯ ಮಟ್ಟಿಗೆ ಇದು ಬರೀ ಹವ್ಯಾಸದ ಮಾತಲ್ಲ. ಮಲಪ್ರಭೆ, ನೀರಸಾಗರಗಳ ನೀರು ಕುಡಿಯುವ ಈ ಊರು ವಾರಕ್ಕೊಮ್ಮೆ ನಲ್ಲಿ ಬಂದ ದಿನಗಳನ್ನು ಕಂಡಿದೆ. 2008ರಲ್ಲಿ ಆಯ್ದ ಬಡಾವಣೆಗಳಿಗೆ ದಿನದ 24 ತಾಸೂ ನೀರು ಬಂತಾದರೂ ಬ್ಯಾರಲ್ಲು, ಸಿಮೆಂಟ್ ಟಾಕಿಯಲ್ಲಿ ನೀರು ತುಂಬಿಡುವ ರೂಢಿ ಊರಿನಿಂದ ಹೋಗಿಲ್ಲ. ತುಂಬಿಟ್ಟ ನೀರಿನಲ್ಲಿ ಕ್ಲೋರಿನ್ ಆರುವುದರಿಂದ ಮೊಯಿನಾಕ್ಕೆ ಒಳ್ಳೆಯದೇ. ಆದರೆ ಡೆಂಗೆ ಹರಡುವ ಈಡಿಸ್ ಸೊಳ್ಳೆಗೂ ಅಂಥದೇ ತಿಳಿನೀರು ಬೇಕು. ಅದರ ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ ಸಾಕು. ಅಂದರೆ ಒಂದು ಸರದಿಯ ನೀರಿನಿಂದ ಮುಂದಿನ ಸರದಿಯವರೆಗಿನ ಅವಧಿ.

ಇದನ್ನು ಕರ್ನಾಟಕದಲ್ಲಿಯೇ ಒಬ್ಬ ವೈದ್ಯ ಹಿಂದೆ ಗಮನಿಸಿದ್ದ. 1883ರಲ್ಲಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಬಳಿಯಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು ಅದನ್ನು ಬೋರಲು ಹಾಕಿದ. ಸೊಳ್ಳೆಗಳ ಕಾಟ ಇಳಿಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಅವನು ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಿಸಲಾಯಿತು. ಮುಂದೆ ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಬಾವಿ, ಕುಂಟೆಗಳಿಗೆ ಗ್ಯಾಂಬೂಸಿಯಾ ಮತ್ತು ಗಪ್ಪಿಗಳನ್ನು ಬಿಟ್ಟು ಮಲೇರಿಯಾ ತಗ್ಗಿಸಲಾಯಿತು.

ಮೀನಿಗೆ ಸೊಳ್ಳೆಮರಿಗಿಂತ ರುಚಿಯ ಆಹಾರ ಮತ್ತೊಂದಿಲ್ಲ, ನಿಜ. ಅದಕ್ಕೆಂದೇ ಹಿತ್ತಲಿನಲ್ಲಿ ಬಕೆಟ್ ತೆರೆದಿಡುವವರಿದ್ದಾರೆ. ಎರಡು ದಿನ ಜಾಲಿಸುವುದು ಮರೆತರೂ ಮೀನಿನ ತುತ್ತು ಹಾರಿಹೋಗಿ ನೆರೆಮನೆಯ ಮಗುವನ್ನು ಕಚ್ಚುತ್ತದೆ. ಮೊಯಿನಾಕ್ಕೆ ರೆಕ್ಕೆ ಮೂಡುವುದಿಲ್ಲ. ಆದ್ದರಿಂದ ಜಾಡಿಯ ಬಾಯಿಗೆ ಮಲ್ಲು ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಮೊಯಿನಾ ಬೆಳೆಸುವುದು ಮೇಲು. ಬ್ಯಾರಲ್ಲಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಗೋಡೆಯನ್ನು ಉಜ್ಜಿ ತೊಳೆಯಬೇಕು, ಏಕೆಂದರೆ ಈಡಿಸ್ ಮೊಟ್ಟೆ ಒಣಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಮೀನಿನ ಮರಿ ಉಳಿಸಲು ಹೊರಟವರು ಮನೆಯ ಮಕ್ಕಳ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.