ಸಮತೂಕದ ಪದಗಳು

ವಿಜಯಪುರ ಜಿಲ್ಲೆಯಲ್ಲಿ ಹಿಪ್ಪರಗಿ ಎಂದಷ್ಟೇ ಹೇಳಿದರೆ ದಾರಿ ತಪ್ಪೀತು. ಬಸವನ ಬಾಗೇವಾಡಿ ತಾಲ್ಲೂಕಿನದು ಹೂವಿನ ಹಿಪ್ಪರಗಿ. ಇನ್ನೊಂದು ದೇವರ ಹಿಪ್ಪರಗಿ. ಪ್ರಸ್ತಾರ ಹಾಕಿ ನೋಡಿದರೆ ‘ಹೂವಿನ’, ‘ದೇವರ’ ಎರಡರಲ್ಲೂ ಒಂದು ಗುರು, ಎರಡು ಲಘು, ನಾಲ್ಕು ಮಾತ್ರೆ. ತೂಕ ಒಂದೇ, ಊರು ಬೇರೆ. ಭೇದವೆಲ್ಲ ಪೂರ್ವಪದದಲ್ಲಿದೆ.

ಗ್ರೀಕ್ ಮೂಲದ ವೈದ್ಯಕ ಪದಗಳ ಕಟ್ಟೂ ಇಂಥದೇ. ಹೈಪರ್‌ಗ್ಲೈಸೀಮಿಯ, ಹೈಪೊಗ್ಲೈಸೀಮಿಯ ಎಂಬ ಜೋಡಿಯನ್ನು ನೋಡಿ. ‘ಹೈಪರ್’ ಎಂದರೆ ಮೇಲೆ, ‘ಹೈಪೊ’ ಎಂದರೆ ಕೆಳಗೆ. ‘ಗ್ಲೈಸ್’ ಸಿಹಿಯನ್ನೂ ‘ಈಮಿಯ’ ನೆತ್ತರನ್ನೂ ಸೂಚಿಸುತ್ತವೆ. ನುಡಿಯುವಾಗ ಮಾತ್ರ ಸಂಧಿಯಾದ ಪದದಂತೆ ಗ್ಲೈ-ಸೀ-ಮಿ-ಯ ಎಂದು ಅಕ್ಷರಗಳು ಬೇರೆಡೆ ಒಡೆಯುತ್ತವೆ. ಮೊದಲನೆಯದರಲ್ಲಿ ರಕ್ತದ ಸಕ್ಕರೆ ಏರಿದೆ, ಎರಡನೆಯದರಲ್ಲಿ ಇಳಿದಿದೆ. ಇಳಿದವನಿಗೆ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಇಂಗ್ಲಿಷಿನಲ್ಲಿ ಈ ಪದಗಳ ಪ್ರಧಾನ ಒತ್ತು ಬೀಳುವುದು ಕಡೆಯಿಂದ ಮೂರನೆಯದಾದ ‘ಸೀ’ ಮೇಲೆ. ಅರ್ಥವನ್ನು ತಿರುಗಿಸುವ ಎರಡನೆಯ ಅಕ್ಷರಕ್ಕೆ ಒತ್ತಿಲ್ಲ. ರಕಾರವನ್ನು ನುಂಗುವ ಬ್ರಿಟಿಷ್ ಉಚ್ಚಾರಣೆಯಲ್ಲಿ ‘ಪರ್’, ‘ಪೊ’ಗಳ ಅಂತರ ಇನ್ನೂ ತೆಳುವಾಗುತ್ತದೆ.

ಪ್ರಾಚೀನ ಗ್ರೀಕಿನ ರೀತಿ ಬೇರೆ. ಅಲ್ಲಿ ಒತ್ತಿನ ಬದಲು ಸ್ವರದ ಏರಿಳಿತವಿತ್ತು. ಪದ್ಯದ ಲಯವು ನಮ್ಮಂತೆಯೇ ಗುರು-ಲಘುಗಳ ಅಳತೆಯದಾಗಿತ್ತು. ಹ್ರಸ್ವದ ಮುಂದೆ ಎರಡು ವ್ಯಂಜನಗಳು ಕೂಡಿದರೆ ಆ ಅಕ್ಷರ ಗುರುವಾಗುವುದು ಹೋಮರನ ಕಾವ್ಯದಲ್ಲೂ ಉಂಟು, ಸುಮಾರು ಕ್ರಿ.ಶ. 990ರಲ್ಲಿ ನಾಗವರ್ಮನು ರಚಿಸಿದ ‘ಛಂದೋಂಬುಧಿ’ಯ ಲೆಕ್ಕದಲ್ಲೂ ಉಂಟು.

ಕನ್ನಡದ ಜೈನ ಕವಿಗಳು ಈ ಅಳತೆಯನ್ನು ವೈದ್ಯಶಾಸ್ತ್ರಕ್ಕೂ ತಂದರು. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು ಪದ್ಯಗಳಲ್ಲಿ ನಿರೂಪಿಸಿದನು. ಕಂದಪದ್ಯಕ್ಕೆ 64 ಮಾತ್ರೆ. ಓಲೆಗರಿಯ ಲಿಪಿಕಾರನು ಮದ್ದಿನ ಹೆಸರಿನಲ್ಲಿ ಒಂದಕ್ಷರ ಬಿಟ್ಟರೆ ಲಯವೇ ಆ ತಪ್ಪನ್ನು ಹಿಡಿದುಕೊಡುತ್ತದೆ. ಆದರೆ ಸಮತೂಕದ ಬೇರೊಂದು ಪದ ನುಸುಳಿದರೆ ಮಾತ್ರೆಯ ಲೆಕ್ಕ ಸುಮ್ಮನಿರುತ್ತದೆ. ‘ಹೈಪರ್’, ‘ಹೈಪೊ’ಗಳೂ ಹಾಗೆಯೇ. ಮುಂದಿನ ‘ಗ್ಲೈ’ ಒತ್ತಕ್ಷರದಿಂದಾಗಿ ‘ಪೊ’ ಕೂಡ ಗುರುವಾಗಿ, ಎರಡು ಪದಗಳ ಪ್ರಸ್ತಾರವೂ ಒಂದೇ ಆಗುತ್ತದೆ. ಇಲ್ಲಿ ಛಂದಸ್ಸು ಕಾಯಲಾರದು, ನಾಲಗೆಯೇ ಕಾಯಬೇಕು.

ನಮ್ಮ ಹಿರಿಯರು ಇಂಥ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಎಲ್ಲಕ್ಕೂ ಸಮನಾದ ಬಲ ಕೊಟ್ಟು ನುಡಿದರೆ ನಗುವವರಿದ್ದಾರೆ. ಅದು ಅಜ್ಞಾನವಲ್ಲ. ಕನ್ನಡದಲ್ಲಿ ಅರ್ಥವನ್ನು ಬೇರೆ ಮಾಡುವುದು ಒತ್ತಲ್ಲ. ಯಾವ ಅಕ್ಷರವನ್ನೂ ನುಂಗದೆ ಅದರ ಮಾತ್ರೆಯನ್ನು ಅದಕ್ಕೆ ಸಲ್ಲಿಸುವುದು ನಮ್ಮ ನುಡಿಯ ಶಿಸ್ತು. ಬಸ್ಸು ಹತ್ತುವವನು ‘ಹೂವಿನ’ ಎಂಬುದನ್ನು ಬಿಡಿಸಿ ಹೇಳುವಂತೆ ವೈದ್ಯರೂ ಪೂರ್ವಪದವನ್ನು ಬಿಡಿಸಿ ಹೇಳಲಿ. ಬಳಿಕ ‘ಸಕ್ಕರೆ ಇಳಿದಿದೆ’ ಎಂಬ ಎರಡು ಕನ್ನಡದ ಮಾತನ್ನೂ ಸೇರಿಸಲಿ.