ಮೃದು ಅಂಗಾಂಶ ಮತ್ತು ಕೀಲು ಚಾಲನಾ ತಂತ್ರಗಳ ಕಲಿಕೆ

ಮೃದು ಅಂಗಾಂಶ ಮತ್ತು ಕೀಲು ಚಾಲನಾ ತಂತ್ರಗಳು ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜು ಹಾಗೂ ಕೀಲುಗಳ ನೋವು ಮತ್ತು ಬಿಗಿತವನ್ನು ಕಡಿಮೆ ಮಾಡಲು ಕೈಗಳಿಂದ ನೀಡುವ ಚಿಕಿತ್ಸಾ ವಿಧಾನಗಳಾಗಿವೆ. ಪಾಶ್ಚಾತ್ಯ ದೇಶಗಳಲ್ಲಿ ಇವನ್ನು ಕೈರೊಪ್ರಾಕ್ಟಿಕ್, ಆಸ್ಟಿಯೋಪಥಿ ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳು ಕಲಿಯುತ್ತಾರೆ. ಕರ್ನಾಟಕದಲ್ಲಿ ಇವುಗಳ ಔಪಚಾರಿಕ ಕಲಿಕೆ ಮುಖ್ಯವಾಗಿ ಫಿಸಿಯೋಥೆರಪಿ ಪದವಿಯ ಭಾಗವಾಗಿ ನಡೆಯುತ್ತದೆ. ಯಾದಗಿರಿ, ಶಹಾಪುರ ಮತ್ತು ಸುರಪುರದಂತಹ ಕೃಷಿಪ್ರಧಾನ ತಾಲೂಕುಗಳಲ್ಲಿ ಬೆನ್ನು ಮತ್ತು ಕೀಲು ನೋವು ದಿನನಿತ್ಯದ ದೂರಾಗಿರುವುದರಿಂದ, ಈ ತಂತ್ರಗಳನ್ನು ಯಾರು ಎಷ್ಟು ಕಲಿತು ಬಳಸುತ್ತಾರೆ ಎಂಬುದು ಅಲ್ಲಿ ರೋಗಿಗಳ ಸುರಕ್ಷತೆಯ ಪ್ರಶ್ನೆಯೂ ಆಗಿದೆ.

ಹಿನ್ನೆಲೆ

ಕೈಯಿಂದ ಮೈ ತಿಕ್ಕುವುದು ಮತ್ತು ಉಳುಕು ತೆಗೆಯುವುದು ಎಲ್ಲ ನಾಡುಗಳಲ್ಲೂ ಹಳೆಯ ರೂಢಿ. ಉತ್ತರ ಕರ್ನಾಟಕದ ಗರಡಿ ಮನೆಗಳಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮಾಲೀಶು ಮಾಡಿಕೊಳ್ಳುವ ಪದ್ಧತಿಯಿದೆ. ಹಳ್ಳಿಗಳಲ್ಲಿ ಎಲುಬು ಕಟ್ಟುವ ನಾಟಿ ವೈದ್ಯರ ಮನೆತನಗಳಿವೆ. ಆಧುನಿಕ ಪಠ್ಯಕ್ರಮದ ಬೇರುಗಳು ಮಾತ್ರ ಯುರೋಪಿನವು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದನು. ಡೇನಿಯಲ್ ಡೇವಿಡ್ ಪಾಮರ್ 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ನಗರದಲ್ಲಿ ಕೈರೊಪ್ರಾಕ್ಟಿಕ್ ಪದ್ಧತಿಯನ್ನು ಆರಂಭಿಸಿದನು. ಬೆನ್ನುಮೂಳೆಯ ಸ್ಥಾನಪಲ್ಲಟವೇ ಬಹುತೇಕ ರೋಗಗಳಿಗೆ ಕಾರಣವೆಂಬ ಪಾಮರನ ಮೂಲ ವಾದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಇಂದಿನ ಕೈರೊಪ್ರಾಕ್ಟರುಗಳಲ್ಲಿ ಅನೇಕರು ಆ ವಾದವನ್ನು ಬದಿಗಿಟ್ಟು ಬೆನ್ನು ಮತ್ತು ಕುತ್ತಿಗೆ ನೋವಿನ ಚಿಕಿತ್ಸೆಗೆ ಸೀಮಿತರಾಗಿದ್ದಾರೆ.

ಶಿಕ್ಷಣ ಮತ್ತು ಕಾನೂನು

ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಪೂರ್ಣಾವಧಿ ಕೈರೊಪ್ರಾಕ್ಟಿಕ್ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆಗಳ ಬೋಧನೆ ಬೇಕು. ಇದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ನಡೆಯುವ ರೋಗಿ ಚಿಕಿತ್ಸೆಯಾಗಿರಬೇಕು. ಭಾರತದಲ್ಲಿ ಕೈರೊಪ್ರಾಕ್ಟಿಕ್ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ಹೀಗಾಗಿ ವಾರಾಂತ್ಯದ ಕಮ್ಮಟದಲ್ಲಿ ಪ್ರಮಾಣಪತ್ರ ಪಡೆದವರೂ ಆ ಹೆಸರಿನ ಫಲಕ ಹಾಕಿಕೊಳ್ಳಲು ಸಾಧ್ಯವಾಗಿದೆ. ಫಿಸಿಯೋಥೆರಪಿಯು 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬಂದಿದೆ.

ಕರ್ನಾಟಕದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಹೆಚ್ಚಿನವು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಳಗಾವಿ ಮತ್ತು ಧಾರವಾಡದಲ್ಲೂ ಹೆಸರಾಂತ ಕಾಲೇಜುಗಳಿವೆ. ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಉನ್ನತ ಶಿಕ್ಷಣದ ಸೀಟುಗಳಲ್ಲಿ ಮೀಸಲಾತಿ ಇದ್ದು, ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಗಳೂ ಇದಕ್ಕೆ ಅರ್ಹರು.

ಮೃದು ಅಂಗಾಂಶ ತಂತ್ರಗಳು

ವಿದ್ಯಾರ್ಥಿಯು ಮೊದಲು ಕಲಿಯುವುದು ಮುಟ್ಟಿ ಗುರುತಿಸುವುದನ್ನು. ಸೊಂಟದ ಎರಡು ಬದಿಯ ಮೂಳೆಗಳ ಮೇಲಂಚನ್ನು ಕೂಡಿಸುವ ಗೆರೆಯು ಸಾಮಾನ್ಯವಾಗಿ ನಾಲ್ಕನೆಯ ಸೊಂಟದ ಕಶೇರುಕದ ಮಟ್ಟದಲ್ಲಿರುತ್ತದೆ. ಸಹಪಾಠಿಯ ಬೆನ್ನಿನ ಮೇಲೆ ಪೆನ್ನಿನಿಂದ ಗುರುತು ಹಾಕಿ ಇದನ್ನು ಅಭ್ಯಾಸ ಮಾಡಲಾಗುತ್ತದೆ. ಒಂದೇ ಕಶೇರುಕವನ್ನು ಗುರುತಿಸುವಾಗ ಅನುಭವಿಗಳ ನಡುವೆಯೂ ಒಮ್ಮತ ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಬೆರಳು ಹೇಳಿದ್ದನ್ನು ರೋಗಿಯ ಮಾತು ಮತ್ತು ಚಲನೆಯ ಪರೀಕ್ಷೆಯೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಅನಂತರ ಸವರುವುದು, ನಾದುವುದು, ಉಜ್ಜುವುದು ಮತ್ತು ತಟ್ಟುವುದು ಎಂಬ ಮೂಲ ಮಾಲೀಶು ಕ್ರಮಗಳು ಬರುತ್ತವೆ. ಸ್ನಾಯುರಜ್ಜುವಿನ ಎಳೆಗಳಿಗೆ ಅಡ್ಡಲಾಗಿ ಆಳವಾಗಿ ಉಜ್ಜುವ ವಿಧಾನವನ್ನು ಬ್ರಿಟಿಷ್ ವೈದ್ಯ ಜೇಮ್ಸ್ ಸಿರಿಯಾಕ್ಸ್ ಪ್ರಚಾರಕ್ಕೆ ತಂದನು. ಸ್ನಾಯುವಿನೊಳಗಿನ ನೋವಿನ ಗಂಟುಗಳ ನಕ್ಷೆಯನ್ನು ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರಲ್ಲಿ ಪ್ರಕಟಿಸಿದರು. ಈ ಗಂಟುಗಳು ನಿಜವಾಗಿ ಏನೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕೀಲು ಚಾಲನೆ

ಮೊಬಿಲೈಸೇಶನ್ ಎಂದು ಕರೆಯಲಾಗುವ ಕೀಲು ಚಾಲನೆಯಲ್ಲಿ ಕೀಲಿನ ಒಂದು ಮೂಳೆಯನ್ನು ಸ್ಥಿರವಾಗಿ ಹಿಡಿದು ಇನ್ನೊಂದನ್ನು ನಿಧಾನವಾಗಿ, ಲಯಬದ್ಧವಾಗಿ ಜಾರಿಸಲಾಗುತ್ತದೆ. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲ್ಯಾಂಡ್ ರೂಪಿಸಿದ ನಾಲ್ಕು ದರ್ಜೆಗಳು ಇದರ ಅಡಿಪಾಯವಾಗಿವೆ. ಮೊದಲನೆಯದು ಚಲನೆಯ ಆರಂಭದಲ್ಲಿ ಮಾಡುವ ಸಣ್ಣ ಆಂದೋಲನ. ಎರಡನೆಯದು ಪ್ರತಿರೋಧವಿಲ್ಲದ ವ್ಯಾಪ್ತಿಯೊಳಗಿನ ದೊಡ್ಡ ಆಂದೋಲನ. ಇವೆರಡನ್ನು ನೋವು ಶಮನಕ್ಕೆ ಬಳಸುತ್ತಾರೆ. ಮೂರನೆಯದು ಪ್ರತಿರೋಧದೊಳಕ್ಕೆ ಹೋಗುವ ದೊಡ್ಡ ಆಂದೋಲನ, ನಾಲ್ಕನೆಯದು ಚಲನೆಯ ಕೊನೆಯಲ್ಲಿ ಮಾಡುವ ಸಣ್ಣ ಆಂದೋಲನ. ಇವು ಬಿಗಿತಕ್ಕೆ ಮೀಸಲು. ಕೊನೆಯ ಹಂತದಲ್ಲಿ ಕೊಡುವ ವೇಗದ ಸಣ್ಣ ಝಟಕಾ ಐದನೆಯ ದರ್ಜೆಯೆನಿಸಿಕೊಳ್ಳುತ್ತದೆ. ಕೈರೊಪ್ರಾಕ್ಟಿಕ್‌ನ ಪ್ರಸಿದ್ಧಿ ಇರುವುದು ಇದರಿಂದಲೇ. ಮೊದಲ ನಾಲ್ಕು ದರ್ಜೆಗಳಲ್ಲಿ ರೋಗಿ ಯಾವ ಕ್ಷಣದಲ್ಲಾದರೂ ಚಲನೆಯನ್ನು ತಡೆಯಬಲ್ಲನು, ಐದನೆಯದರಲ್ಲಿ ತಡೆಯಲಾರನು.

ಪ್ರತಿರೋಧ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕೈ ತಾನೇ ಕಲಿಯಬೇಕು. ಒಂದೇ ದರ್ಜೆಯನ್ನು ಮಾಡಲು ಹೇಳಿದಾಗ ಬೇರೆ ಬೇರೆ ಚಿಕಿತ್ಸಕರು ಹಾಕುವ ಒತ್ತಡದಲ್ಲಿ ದೊಡ್ಡ ವ್ಯತ್ಯಾಸ ಕಂಡುಬಂದಿದೆ. ಇದನ್ನು ಕಡಿಮೆ ಮಾಡಲು ಮನೆಯ ತೂಕದ ಯಂತ್ರದ ಮೇಲೆ ಅಂಗೈ ಒತ್ತಿ ಮುಳ್ಳನ್ನು ನೋಡುತ್ತ ಅಭ್ಯಾಸ ಮಾಡುವ ಸರಳ ಉಪಾಯವಿದೆ.

ನಾರ್ವೆಯ ಫ್ರೆಡಿ ಕಾಲ್ಟೆನ್‌ಬೋರ್ನ್ ಬೋಧಿಸಿದ ಉಬ್ಬು-ತಗ್ಗು ನಿಯಮವು ಯಾವ ದಿಕ್ಕಿಗೆ ಜಾರಿಸಬೇಕೆಂದು ಹೇಳುತ್ತದೆ. ಆದರೆ ಪಠ್ಯದ ನಿಯಮ ಎಲ್ಲ ಕೀಲಿಗೂ ಒಗ್ಗುವುದಿಲ್ಲ. ಹಿಡಿದುಕೊಂಡ ಭುಜದ ಹೊರತಿರುವಿಕೆಗೆ ಮುಂದಕ್ಕೆ ಜಾರಿಸಬೇಕೆಂದು ನಿಯಮ ಸೂಚಿಸಿದರೂ, 2007ರಲ್ಲಿ ಪ್ರಕಟವಾದ 20 ರೋಗಿಗಳ ಅಧ್ಯಯನದಲ್ಲಿ ಹಿಂದಕ್ಕೆ ಜಾರಿಸಿದವರಿಗೇ ಹೆಚ್ಚು ಗುಣ ಕಂಡಿತು.

ಲಟಿಕೆಯ ಸದ್ದು ಮೂಳೆ ತನ್ನ ಸ್ಥಳಕ್ಕೆ ಮರಳಿದ್ದರ ಗುರುತಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ಕೀಲಿನ ಎಂಆರ್‌ಐ ಚಿತ್ರಗಳ ಮೂಲಕ, ಸದ್ದಾಗುವ ಕ್ಷಣದಲ್ಲಿ ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದನ್ನು ತೋರಿಸಿದರು.

ಯಾದಗಿರಿ ಜಿಲ್ಲೆಯ ಸಂದರ್ಭ

ಶಹಾಪುರ ಮತ್ತು ಸುರಪುರ ಭಾಗಗಳಿಗೆ ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ನೀರು ಬಂದ ಮೇಲೆ ಭತ್ತದ ಬೇಸಾಯ ಹೆಚ್ಚಿತು. ನಾಟಿ ಮಾಡುವ ಮತ್ತು ಹತ್ತಿ ಬಿಡಿಸುವ ಹೆಣ್ಣುಮಕ್ಕಳು ದಿನವಿಡೀ ಬಾಗಿ ದುಡಿಯುತ್ತಾರೆ. ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುವವರಲ್ಲಿ ಅನೇಕರು ಕಟ್ಟಡ ಕೆಲಸದಲ್ಲಿ ಭಾರ ಹೊರುತ್ತಾರೆ. ಟೊಂಕ ಹಿಡಿದಾಗ ಮೊದಲು ಹೋಗುವುದು ಹೆಚ್ಚಾಗಿ ನೆರೆಯ ಮಾಲೀಶಿನವರ ಬಳಿಗೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವುದೂ ಸಾಮಾನ್ಯ.

ಇಲ್ಲಿ ಚಿಕಿತ್ಸಕನಿಗೆ ಯಾವುದನ್ನು ಒತ್ತಬಾರದು ಎಂಬ ತಿಳಿವು ತಂತ್ರಕ್ಕಿಂತ ಮುಖ್ಯ. ಜಿಲ್ಲೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆ. ಅಂತಹ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಅಸ್ಥಿರಜ್ಜುಗಳು ಸುಣ್ಣಗಟ್ಟಿ ಬೆನ್ನು ಸೆಟೆದುಕೊಳ್ಳಬಹುದು. ಈ ಬಿಗಿತ ಕೈಯಿಂದ ಸಡಿಲವಾಗುವಂಥದ್ದಲ್ಲ. ಬಲವಂತದ ಚಲನೆಯಿಂದ ಮೂಳೆ ಮುರಿಯುವ ಅಪಾಯವಿದೆ. ಬೆನ್ನುಮೂಳೆಯ ಕ್ಷಯವೂ ಭಾರತದಲ್ಲಿ ಅಪರೂಪವಲ್ಲ. ತೂಕ ಇಳಿಯುವುದು, ಸಂಜೆ ಜ್ವರ, ಮಲಗಿದರೂ ಬಿಡದ ರಾತ್ರಿಯ ನೋವು ಕಂಡುಬಂದರೆ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸಬೇಕು. ವಯಸ್ಸಾದವರಲ್ಲಿ ಮೂಳೆ ಸವೆತ, ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸ ಬೆನ್ನುನೋವು ಇದ್ದಾಗಲೂ ಹೀಗೆಯೇ. ಎರಡೂ ಕಾಲು ಸೋಲುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು ಮತ್ತು ಮೂತ್ರದ ಹಿಡಿತ ತಪ್ಪುವುದು ತುರ್ತು ಶಸ್ತ್ರಚಿಕಿತ್ಸೆ ಬೇಕಾದ ಲಕ್ಷಣಗಳು.

ಕುತ್ತಿಗೆಯ ಝಟಕಾ ಚಿಕಿತ್ಸೆಯ ಬಳಿಕ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಒಳಪದರ ಸೀಳಿ ಪಾರ್ಶ್ವವಾಯು ಉಂಟಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಇವು ವಿರಳ. ಸೀಳಿದ ಅಪಧಮನಿಯೇ ಮೊದಲು ಕುತ್ತಿಗೆ ನೋವಾಗಿ ಕಾಣಿಸಿಕೊಂಡು ರೋಗಿಯನ್ನು ಚಿಕಿತ್ಸಕನ ಬಳಿಗೆ ಕರೆತಂದಿರಲೂ ಸಾಧ್ಯ. ಆದ್ದರಿಂದ ಹಿಂದೆಂದೂ ಇಲ್ಲದಂಥ ಕುತ್ತಿಗೆ ನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಇವೆಯೇ ಎಂದು ಕೈ ಹಾಕುವ ಮುನ್ನ ವಿಚಾರಿಸಬೇಕು. ಜುಮ್ಮೆನ್ನುವುದು, ಜೋಮು, ಉರಿ, ಸೆಳೆತ ಇವನ್ನೆಲ್ಲ ಒಂದೇ ನೋವೆಂದು ಬರೆದುಕೊಂಡರೆ ನರದ ತೊಂದರೆ ತಪ್ಪಿಹೋಗುತ್ತದೆ. ಯಾದಗಿರಿಯಲ್ಲಿ ಈ ಪ್ರಶ್ನೆಗಳನ್ನು ಕನ್ನಡದ ಜೊತೆಗೆ ಉರ್ದುವಿನಲ್ಲೂ, ಗುರುಮಠಕಲ್ ಕಡೆ ತೆಲುಗಿನಲ್ಲೂ ಕೇಳಬೇಕಾಗಬಹುದು.

ಪರಿಣಾಮಕಾರಿತ್ವ

ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯು ಸೊಂಟನೋವಿಗೆ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಯಲ್ಲಿ ಮಾತ್ರ ಪರಿಗಣಿಸಬಹುದೆಂದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ಮಾಲೀಶು ಮತ್ತು ಬೆನ್ನುಮೂಳೆಯ ಕೈಚಿಕಿತ್ಸೆಯನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ. ಸಿಗುವ ಉಪಶಮನ ಸಾಮಾನ್ಯವಾಗಿ ಸಾಧಾರಣ ಪ್ರಮಾಣದ್ದು ಮತ್ತು ಅಲ್ಪಕಾಲದ್ದು. ಮರುದಿನವೇ ಗದ್ದೆಗೆ ಇಳಿಯಬೇಕಾದ ಕೂಲಿಕಾರರಿಗೆ ಕೆಲಸದ ನಡುವೆ ಆಗಾಗ ನೆಟ್ಟಗೆ ನಿಂತು ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದು ಮುಂತಾದ ಸಲಹೆಗಳನ್ನೂ ಚಿಕಿತ್ಸೆಯ ಜೊತೆ ನೀಡಲಾಗುತ್ತದೆ.