ಬೇಸಿಗೆಯಲ್ಲಿ ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡದು ಹಾಕಿಸಬೇಕೇ?

ಬಿಸಿಲು ಏರುತ್ತಿದ್ದಂತೆ ಮನೆಯಲ್ಲಿ ಎಸಿ, ಕೂಲರ್, ಫ್ಯಾನು, ಫ್ರಿಜ್ಜು ಎಲ್ಲವೂ ಒಟ್ಟಿಗೇ ಓಡತೊಡಗುತ್ತವೆ. ಬೋರ್ಡಿನಲ್ಲಿರುವ ಎಂಸಿಬಿ ಟಪ್ ಎಂದು ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: “ಸೆಕೆಗೆ ಹಾಗಾಗುತ್ತೆ, 16 ತೆಗೆದು 32 ಹಾಕಿಸಿ, ತೊಂದರೆ ಇರಲ್ಲ.” ಇದು ಸರಿಯೇ? ನೋಡೋಣ.

ಸೆಕೆಗೆ ಎಂಸಿಬಿ ಬೀಳುತ್ತದೆಯೇ?

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎಂಸಿಬಿಯೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಹೆಚ್ಚು ಕರೆಂಟ್ ಹರಿದಾಗ ಅದು ಬಿಸಿಯಾಗಿ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಸುತ್ತಲಿನ ಗಾಳಿಯೇ ಕಾದಿದ್ದರೆ ಅದು ತುಸು ಬೇಗ ಬಾಗುತ್ತದೆ. ಆದರೆ ಇದು ದೋಷವಲ್ಲ. ಅದೇ ಸೆಕೆಯಲ್ಲಿ ಗೋಡೆಯೊಳಗಿನ ತಂತಿಯ ತಾಳಿಕೆಯೂ ಕಡಿಮೆಯಾಗಿರುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ಪಿವಿಸಿ ಹೊದಿಕೆಯ ತಂತಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗಷ್ಟೇ ಮಾಡಿದ್ದು. ಹೊರಗೆ 25 ಡಿಗ್ರಿ ಇದ್ದಾಗ ಅದಕ್ಕೆ 45 ಡಿಗ್ರಿಯ ಅವಕಾಶವಿರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ಮುಟ್ಟಿದಾಗ ಉಳಿಯುವುದು 30 ಮಾತ್ರ.

ದೊಡ್ಡ ಎಂಸಿಬಿ ಹಾಕಿದರೆ ಏನಾಗುತ್ತದೆ?

ಎಂಸಿಬಿ ಕಾಯುವುದು ಎಸಿಯನ್ನಲ್ಲ, ತಂತಿಯನ್ನು. ತಂತಿ ಎಷ್ಟು ದಪ್ಪವೋ ಅದಕ್ಕೆ ತಕ್ಕ ಎಂಸಿಬಿ ಹಾಕಿರುತ್ತಾರೆ. ಒಂದೂವರೆ ಟನ್ ಎಸಿ ಸುಮಾರು 8 ಆಂಪಿಯರ್, 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4ಕ್ಕೂ ಹೆಚ್ಚು ಎಳೆಯುತ್ತವೆ. ಮೂರೂ ಒಂದೇ ಲೈನಿನಲ್ಲಿದ್ದರೆ 21 ಆಂಪಿಯರ್ ದಾಟಿತು. 16ರ ಎಂಸಿಬಿ ಬೀಳಲೇಬೇಕು.

ಅಲ್ಲಿ 32 ಹಾಕಿದರೆ ಅದು ಬೀಳುವುದಿಲ್ಲ, ತಂತಿ ಕಾಯುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಹೊದಿಕೆ ಕರಗಿ, ಶಾರ್ಟ್ ಆಗಿ, ಬೆಂಕಿ ಹತ್ತುವುದು ಹೀಗೆಯೇ.

ಹಾಗಾದರೆ ಏನು ಮಾಡಬೇಕು?

• ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಶಾರ್ಟ್ ಇರಬಹುದು. ಸ್ವಲ್ಪ ಹೊತ್ತು ಓಡಿದ ಮೇಲೆ ಬಿದ್ದರೆ ಹೊರೆ ಹೆಚ್ಚಾಗಿರಬಹುದು, ಇಲ್ಲವೇ ಸ್ಕ್ರೂ ಸಡಿಲವಾಗಿರಬಹುದು.
• ಆ ಲೈನಿನ ಎಲ್ಲ ಪ್ಲಗ್ ತೆಗೆದು ಎಂಸಿಬಿ ಎತ್ತಿ, ಒಂದೊಂದಾಗಿ ಹಾಕಿ ನೋಡಿ. ಏನೂ ಹಾಕದೆಯೂ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.
• ಎಸಿಗೆ ಬೇರೆಯೇ ಲೈನ್ ಎಳೆಸಿ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಬೇಡಿ.
• ಪ್ಲಗ್ ಮುಟ್ಟಿದರೆ ಸುಡುತ್ತಿದೆಯೇ, ಸಾಕೆಟ್ ಕಂದಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ? ಬಳಕೆ ನಿಲ್ಲಿಸಿ ಬದಲಾಯಿಸಿ.

ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯುತ್ತದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಸಣ್ಣ ಪಾಲು ಸಾಕು. ಅಷ್ಟಕ್ಕೆ ಎಂಸಿಬಿ ಅಲುಗುವುದೂ ಇಲ್ಲ. ಅದಕ್ಕಿರುವುದು ಆರ್‌ಸಿಸಿಬಿ. ಮನೆಗೆ 30 ಮಿಲಿಆಂಪಿಯರಿನದು ಬೇಕು. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ; ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ.

ಬೇಸಿಗೆಯಲ್ಲಿ ಹೆಚ್ಚು ಎಚ್ಚರ ಬೇಕಿರುವುದು ತಗಡಿನ ಕೂಲರ್ ಬಗ್ಗೆ. ನೀರು, ಮೋಟಾರು, ಲೋಹದ ಮೈ ಮೂರೂ ಒಂದೇ ಕಡೆ ಇರುತ್ತವೆ. ನೀರು ತುಂಬುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಮೂರು ಪಿನ್ನಿನ ಪ್ಲಗ್ ಬಳಸಿ. ದಪ್ಪಗಿರುವ ಮೂರನೆಯ ಪಿನ್ ಅರ್ತಿಂಗಿನದು, ಅದನ್ನು ಮುರಿದು ಹಾಕಬೇಡಿ. ಮಕ್ಕಳು ಒದ್ದೆ ಕೈಯಲ್ಲಿ ಕೂಲರ್ ಮುಟ್ಟದಂತೆ ನೋಡಿಕೊಳ್ಳಿ.

ಬೆಂಕಿ ಕಾಣಿಸಿದರೆ?

ಕೈಗೆಟುಕುವಂತಿದ್ದರೆ ಮೊದಲು ಮೇನ್ ಆರಿಸಿ. ನೀರು ಎರಚಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಕಂಬದ ತಂತಿ ಅಥವಾ ಮೀಟರಿನಲ್ಲಿ ಕಿಡಿ ಕಂಡರೆ ದೂರ ನಿಂತು ವಿದ್ಯುತ್ ಕಂಪನಿಯ 1912ಕ್ಕೆ ತಿಳಿಸಿ.

ಒಟ್ಟಿನಲ್ಲಿ, ಎಂಸಿಬಿ ಬೀಳುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ. ಹೊರೆ ಇಳಿಸಿ, ಇಲ್ಲವೇ ತಂತಿಯನ್ನೂ ಸೇರಿಸಿ ಲೈನ್ ಬದಲಿಸಿ. ಎಂಸಿಬಿ ಮಾತ್ರ ದೊಡ್ಡದು ಮಾಡಿ ಎಂಬ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಲು ಹೇಳಿ.